ಬಣ್ಣ ಹಚ್ಚಲಿ, ನಿದ್ದೆ ಬಿಡೋದು ಬೇಡ

ಓದುಗರ ಪ್ರಶ್ನೆ

ನಾವು ತಿಪಟೂರು ಕಡೆಯವರು. ನಮ್ಮ ಮನೆಯವರಿಗೆ 46 ವರ್ಷ. ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಚಿಕ್ಕಂದಿನಿಂದ ನಾಟಕದ ಹುಚ್ಚು. ಸುತ್ತಲ ಊರುಗಳಲ್ಲಿ ‘ಕುರುಕ್ಷೇತ್ರ’ ಆಡಿದರೆ ಕೃಷ್ಣನ ಪಾತ್ರ ಇವರದೇ. ನಾಲ್ಕು ವರ್ಷದ ಹಿಂದೆ ಪ್ರಾಕ್ಟೀಸ್ ನಡೆಯುವಾಗ ಇವರಿಗೆ ನಿದ್ದೆ ಕಮ್ಮಿಯಾಯಿತು. ರಾತ್ರಿಯೆಲ್ಲ ಹಾಡು, ಹಗಲೆಲ್ಲ ಮಾತು. ಒಂದು ದಿನ ‘ಎಲ್ಲರ ಪಾತ್ರದ ದುಡ್ಡೂ ನಾನೇ ಕಟ್ತೀನಿ’ ಅಂತ ಸಾಲ ಮಾಡಿ ಮೇಷ್ಟ್ರ ಕೈಗೆ ಕೊಟ್ಟು ಬಂದರು. ತಡೆಯಲು ಹೋದ ತಮ್ಮನ ಮೇಲೆ ಕೈ ಮಾಡಿದರು. ಊರಿನವರು ಆ ಪದ ಬಳಸಿದರು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಮೂರು ವಾರ ಅಡ್ಮಿಟ್ ಮಾಡಿದೆವು. ಮನಸ್ಸು ಒಮ್ಮೆ ಅತಿಯಾಗಿ ಏರಿ, ಇನ್ನೊಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆ ಅಂದರು. ಮನೆಗೆ ಬಂದ ಮೇಲೆ ಆರು ತಿಂಗಳು ಗೋಡೆ ನೋಡುತ್ತಾ ಕೂತಿದ್ದರು. ಈಗ ಮೂರು ವರ್ಷದಿಂದ ಚೆನ್ನಾಗಿದ್ದಾರೆ. ಲಿಥಿಯಂ ಮಾತ್ರೆ, ರಾತ್ರಿ ಇನ್ನೊಂದು ಮಾತ್ರೆ ನಡೆಯುತ್ತಿದೆ.

ಈಗ ತುಮಕೂರಿನ ಹವ್ಯಾಸಿ ತಂಡವೊಂದು ಹೊಸ ನಾಟಕ ಮಾಡುತ್ತಿದೆ. ಕಂಪನಿ ನಾಟಕದ ನಟನೊಬ್ಬನಿಗೆ ಮಾನಸಿಕ ಕಾಯಿಲೆ ಬರುತ್ತದೆ. ಮನೆಯವರು ಸರಪಳಿ ಹಾಕುತ್ತಾರೆ. ಆಸ್ಪತ್ರೆಯಲ್ಲಿ ಕರೆಂಟ್ ಕೊಡುತ್ತಾರೆ. ಕೊನೆಗೆ ಅವನು ಗುಣವಾಗಿ ಮತ್ತೆ ಬಣ್ಣ ಹಚ್ಚುತ್ತಾನೆ. ಆ ಪಾತ್ರಕ್ಕೆ ಇವರನ್ನು ಕೇಳಿದ್ದಾರೆ. ಪ್ರಾಕ್ಟೀಸ್ 45 ದಿನ, ರಾತ್ರಿ ಎಂಟರಿಂದ ಹನ್ನೊಂದೂವರೆ. ‘ಮಾತ್ರೆಯಿಂದ ಮುಖ ಮರಗಟ್ಟಿದೆ, ಶೋ ಮುಗಿಯೋ ತನಕ ನಿಲ್ಲಿಸಿ’ ಅಂತ ನಿರ್ದೇಶಕರು ಹೇಳಿದ್ದಾರೆ. ಶೋ ಆದ ಮೇಲೆ ‘ಇದು ನನ್ನದೇ ಕಥೆ’ ಅಂತ ಮೈಕಲ್ಲಿ ಹೇಳಬೇಕಂತೆ. ಮಗಳಿಗೆ ಗಂಡು ನೋಡುತ್ತಿದ್ದೇವೆ. ‘ಈಗ ಇದೆಲ್ಲಾ ಬೇಕಿತ್ತಾ’ ಅಂತ ನಾದಿನಿ ಕೇಳುತ್ತಾರೆ. ಇವರಿಗೆ ಆಸೆ, ನನಗೆ ಭಯ. ಆ ಕಾಯಿಲೆಯ ಪಾತ್ರ ಮಾಡಿದರೆ ಕಾಯಿಲೆ ತಿರುಗಿ ಬರುತ್ತಾ? ಕಳಿಸಲಾ, ಬೇಡವಾ? ಇನ್ನೊಂದು, ಗಂಟಲಿಗೆ ಕಷಾಯ ಕೊಡಬಹುದಾ?

ತಜ್ಞರ ಉತ್ತರ

ಪತ್ರದ ಶುರುವಿನಲ್ಲೇ ‘ನಾಟಕದ ಹುಚ್ಚು’ ಅಂತ ಪ್ರೀತಿಯಿಂದ ಬರೆದಿದ್ದೀರಿ. ನಾಲ್ಕು ಸಾಲು ಕೆಳಗೆ ಊರಿನವರು ಅದೇ ಪದ ಬಳಸಿದಾಗ ಮಾತ್ರ ಅದನ್ನು ಬರೆಯಲು ನಿಮಗೆ ಕೈ ಬಂದಿಲ್ಲ. ‘ಆ ಪದ’ ಅಂತ ಬರೆದು ಮುಂದೆ ಹೋಗಿದ್ದೀರಿ. ಆ ಎರಡು ಸಾಲುಗಳ ನಡುವೆ ನೀವು ಏನೆಲ್ಲ ಪಟ್ಟಿದ್ದೀರಿ ಅನ್ನುವುದು ನನಗೆ ಅರ್ಥವಾಯಿತು.

ಮೊದಲು ನೇರ ಉತ್ತರ. ಕಳಿಸಿ. ಆದರೆ ತಂಡ ಹೇಳಿದ ಹಾಗೆ ಅಲ್ಲ. ಮಾತ್ರೆ ನಿಲ್ಲಬಾರದು, ರಾತ್ರಿಯ ನಿದ್ದೆ ಕೆಡಬಾರದು, ಮೈಕ್ ವಿಷಯ ಅವರ ಇಷ್ಟಕ್ಕೆ ಬಿಟ್ಟದ್ದಾಗಿರಬೇಕು. ಮೊದಲಿನ ಎರಡಕ್ಕೆ ತಂಡ ಒಪ್ಪದಿದ್ದರೆ ಬೇಡ ಅನ್ನಿ.

ನಿಮ್ಮ ದೊಡ್ಡ ಭಯ ಪಾತ್ರದ್ದು. ಕಾಯಿಲೆಯವನ ಪಾತ್ರ ಮಾಡಿದರೆ ಕಾಯಿಲೆ ಮೈಮೇಲೆ ಬರುತ್ತದೆ ಅನ್ನುವ ಮಾತು ನಮ್ಮ ಕಡೆ ಹಳೆಯದು. ದುರ್ಯೋಧನನ ಪಾತ್ರದವರು ಮನೆಯಲ್ಲೂ ಮೀಸೆ ತಿರುವುತ್ತಾರೆ ಅಂತ ತಮಾಷೆ ಮಾಡುತ್ತೇವಲ್ಲ, ಅದರದ್ದೇ ಇನ್ನೊಂದು ರೂಪ ಇದು. ಬೈಪೋಲಾರ್ ಹಾಗೆ ಬರುವ ಕಾಯಿಲೆ ಅಲ್ಲ. ಅದರ ಬೇರು ಹುಟ್ಟಿನಿಂದ ಬಂದ ಒಲವಿನಲ್ಲಿದೆ, ಮೆದುಳು ನಿದ್ದೆ ಮತ್ತು ಹುರುಪನ್ನು ಹತೋಟಿಯಲ್ಲಿಡುವ ರೀತಿಯಲ್ಲಿದೆ. ಆ ಒಲವು ಇರುವವರಲ್ಲಿ ಕಾಯಿಲೆಯನ್ನು ಎಬ್ಬಿಸುವ ಸಂಗತಿಗಳು ಕೆಲವಿವೆ. ಅದರಲ್ಲಿ ಬಹಳ ಗಟ್ಟಿಯಾದದ್ದು ನಿದ್ದೆಗೇಡು. ಆಮೇಲೆ ಮಾತ್ರೆಯನ್ನು ದಿಢೀರ್ ನಿಲ್ಲಿಸುವುದು. ಕುಡಿತ, ಮನೆಯಲ್ಲಿ ದೊಡ್ಡ ಜಗಳ, ದೊಡ್ಡ ಸಂಭ್ರಮ ಕೂಡ ಸೇರುತ್ತವೆ. ಪಾತ್ರದ ಮಾತುಗಳು ಈ ಪಟ್ಟಿಯಲ್ಲಿಲ್ಲ.

ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ನಾಲ್ಕು ವರ್ಷದ ಹಿಂದೆ ಅವರು ಯಾವ ಪಾತ್ರ ಮಾಡುತ್ತಿದ್ದರು? ಕೃಷ್ಣ! ಮಾನಸಿಕ ಕಾಯಿಲೆಗೂ ಆ ಪಾತ್ರಕ್ಕೂ ಏನೂ ಸಂಬಂಧವಿಲ್ಲ. ಆದರೆ ಕುರುಕ್ಷೇತ್ರ ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾ? ರಾತ್ರಿ ಒಂಬತ್ತಕ್ಕೆ ಹಾರ್ಮೋನಿಯಂ ಶ್ರುತಿ ಹಿಡಿದರೆ ಪರದೆ ಬೀಳುವುದು ಕೋಳಿ ಕೂಗಿದ ಮೇಲೆ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸ್. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟುವ ಪೈಪೋಟಿ. ಎತ್ತರದ ಶ್ರುತಿಯಲ್ಲಿ ಕಂದ, ವೃತ್ತ, ಒನ್ಸ್ ಮೋರ್ ಅನ್ನುವ ಜನ, ಊರ ತುಂಬಾ ಬ್ಯಾನರು. ಬೈಪೋಲಾರ್ ಒಲವಿರುವವರಿಗೆ ಇದಕ್ಕಿಂತ ಜಾಸ್ತಿ ಅಪಾಯದ ಏರ್ಪಾಡು ಬೇಕೆಂದರೂ ಮಾಡಲಾಗದು. ಹೊಸ ನಾಟಕ ಸಂಜೆ ಆರೂವರೆಗೆ ಶುರುವಾಗಿ ಒಂಬತ್ತರ ಒಳಗೆ ಮುಗಿಯುವಂಥದ್ದಾದರೆ, ನನ್ನ ಲೆಕ್ಕದಲ್ಲಿ ಅದು ಕೃಷ್ಣನ ಪಾತ್ರಕ್ಕಿಂತ ಎಷ್ಟೋ ಸುರಕ್ಷಿತ. ನೀವು ಕಥೆಗೆ ಹೆದರುತ್ತಿದ್ದೀರಿ. ನಾನು ಗಡಿಯಾರಕ್ಕೆ ಹೆದರುತ್ತೇನೆ.

ಈಗ ಆ ಗಡಿಯಾರದ ವಿಷಯ. ತುಮಕೂರಿನಲ್ಲಿ ಹನ್ನೊಂದೂವರೆಗೆ ಪ್ರಾಕ್ಟೀಸ್ ಮುಗಿದರೆ ತಿಪಟೂರಿಗೆ ಸುಮಾರು 70 ಕಿಲೋಮೀಟರ್ ದಾರಿ. ಮನೆ ಸೇರಿ ಕೈಕಾಲು ತೊಳೆದು ಮಲಗುವಷ್ಟರಲ್ಲಿ ಎರಡು ಗಂಟೆ. ಬೆಳಿಗ್ಗೆ ಮಂಡಿ. ಹೀಗೆ 45 ದಿನ! ಕಾಯಿಲೆ ಇಲ್ಲದವರೂ ಇದರಲ್ಲಿ ಸೋತು ಹೋಗುತ್ತಾರೆ. ಅವರ ರಾತ್ರಿ ಮಾತ್ರೆಯದೂ ಒಂದು ಕಥೆ ಇದೆ. ಅದು ನಿದ್ದೆ ಬರಿಸುವಂಥದ್ದಾದರೆ ಒಂಬತ್ತಕ್ಕೆ ತಗೊಂಡರೆ ಸಂಭಾಷಣೆ ತೊದಲುತ್ತದೆ. ಒಂದೂವರೆಗೆ ತಗೊಂಡರೆ ಬೆಳಿಗ್ಗೆ ಏಳಲು ಆಗುವುದಿಲ್ಲ. ಆಗ ಮನುಷ್ಯ ಏನು ಮಾಡುತ್ತಾನೆ? ‘ಇವತ್ತೊಂದು ದಿನ ಬಿಡೋಣ’ ಅನ್ನುತ್ತಾನೆ. ನಾನು ನೋಡಿದ ಹೆಚ್ಚಿನವರಲ್ಲಿ ಮಾತ್ರೆ ತಪ್ಪಿದ್ದು ಹಠದಿಂದ ಅಲ್ಲ, ಇಂಥ ಒಂದು ದಿನದಿಂದ.

ಆದ್ದರಿಂದ ಇವರ ದೃಶ್ಯಗಳನ್ನು ಮೊದಲು ಮುಗಿಸಿ ಎಂಟೂವರೆಗೆ ಬಿಡಲಿ. ಇಲ್ಲವೇ ಶನಿವಾರ, ಭಾನುವಾರ ಹಗಲು ಪ್ರಾಕ್ಟೀಸ್ ಇಡಲಿ. ವಾರದಲ್ಲಿ ಎರಡು ದಿನ ಸಂಜೆ ಹೋಗಿ ತುಮಕೂರಿನಲ್ಲೇ ನೆಂಟರ ಮನೆಯಲ್ಲಿ ಉಳಿಯುವುದಾದರೂ ಸರಿ, ಹತ್ತೂವರೆ ಹನ್ನೊಂದಕ್ಕೆ ಮಲಗಬೇಕು ಅಷ್ಟೆ. ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮಂಡಿಗೆ ಹೋಗುವ ದಾರಿಯಲ್ಲಿ ಬಾಯಿಪಾಠ ಮಾಡಬಹುದು. ಮುಖ್ಯ ಪಾತ್ರಧಾರಿಗೆ ಜ್ವರ ಬಂದರೆ ತಂಡ ಹೊಂದಿಸಿಕೊಳ್ಳುವುದಿಲ್ಲವೇ? ಇದೂ ಹಾಗೇ.

ಇನ್ನು ಮಾತ್ರೆ ನಿಲ್ಲಿಸುವ ಸಲಹೆ. ಇಲ್ಲಿ ನಿಮಗೆ ಸ್ವಲ್ಪ ಆಶ್ಚರ್ಯ ಆಗಬಹುದು. ನಿರ್ದೇಶಕರು ನೋಡಿದ್ದು ಸುಳ್ಳಲ್ಲ. ಅವರು ಕೊಟ್ಟ ಪರಿಹಾರ ತಪ್ಪು. ಲಿಥಿಯಂ ಜೊತೆಗೆ ಕೊಡುವ ಕೆಲವು ಮಾತ್ರೆಗಳು, ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್ ಥರದವು, ಕೆಲವರಲ್ಲಿ ಮುಖದ ಸ್ನಾಯುಗಳನ್ನು ಬಿಗಿ ಮಾಡುತ್ತವೆ. ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ನಗು ನಿಧಾನವಾಗುತ್ತದೆ, ನಡೆಯುವಾಗ ಕೈ ಬೀಸುವುದಿಲ್ಲ. ಮನೆಯವರು ದಿನಾ ನೋಡುವುದರಿಂದ ಗೊತ್ತಾಗದೇ ಇರಬಹುದು. ಮುಖ ಓದುವುದೇ ಕೆಲಸವಾದ ನಿರ್ದೇಶಕರಿಗೆ ಹತ್ತು ನಿಮಿಷದಲ್ಲಿ ಕಾಣುತ್ತದೆ. ಇದಕ್ಕೆ ದಾರಿ ಇದೆ. ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು, ಬಿಗಿತಕ್ಕೆ ಬೇರೆ ಔಷಧಿ ಸೇರಿಸಬಹುದು. ಇದನ್ನು ನಿಮ್ಮ ವೈದ್ಯರು ಮಾಡಬೇಕು, ಈಗಲೇ ಮಾಡಬೇಕು. ಶೋ ವಾರದಲ್ಲಿ ಅಲ್ಲ. ಬದಲಾವಣೆ ಹೊಂದಿಕೊಳ್ಳಲು ವಾರಗಳು ಬೇಕು.

ಲಿಥಿಯಂ ಮಾತ್ರ ದಿಢೀರ್ ನಿಲ್ಲಿಸುವ ಮಾತೇ ಇಲ್ಲ. ಅದನ್ನು ಒಮ್ಮೆಲೇ ಬಿಟ್ಟವರಲ್ಲಿ ಕಾಯಿಲೆ, ಅದರಲ್ಲೂ ಮೇನಿಯಾ (ಹುರುಪು ಮಿತಿಮೀರುವ ಹಂತ), ಕೆಲವೇ ವಾರ ತಿಂಗಳುಗಳಲ್ಲಿ ಮರಳುವ ಸಾಧ್ಯತೆ ತುಂಬಾ ಜಾಸ್ತಿ. ಮೊದಲ ಎರಡು ವಾರ ಮೋಸ ಮಾಡುತ್ತವೆ. ಮನುಷ್ಯ ಹಗುರಾಗುತ್ತಾನೆ, ಮುಖದಲ್ಲಿ ಕಳೆ ಬರುತ್ತದೆ, ಹಾಡು ಏರುತ್ತದೆ. ‘ನೋಡಿದ್ರಾ, ಮಾತ್ರೆ ಬಿಟ್ಟಿದ್ದೇ ಒಳ್ಳೇದಾಯ್ತು’ ಅಂತ ಎಲ್ಲರೂ ಹೇಳುತ್ತಾರೆ. ಹಲವು ಸಲ ಅದೇ ಮೇನಿಯಾದ ಮೊದಲ ಮೆಟ್ಟಿಲು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಹಾರ್ಮೋನಿಯಂ ಮೇಷ್ಟ್ರೊಬ್ಬರು ಲಿಥಿಯಂನಲ್ಲಿ ಆರು ವರ್ಷ ಚೆನ್ನಾಗಿದ್ದರು. ಪ್ರತಿ ಸಲ ಬಂದಾಗ ‘ಕೈ ನಡುಗುತ್ತಾ?’ ಅಂತ ಕೇಳುತ್ತಿದ್ದೆ. ‘ಸ್ವಲ್ಪ ಸಾರ್’ ಅನ್ನುತ್ತಿದ್ದರು. ನಾನೂ ಸ್ವಲ್ಪ ಅಂತ ಬರೆದುಕೊಳ್ಳುತ್ತಿದ್ದೆ. ಜಾತ್ರೆ ಸೀಸನ್‌ಗೆ ಮುಂಚೆ ಅವರು ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಮೂರನೇ ವಾರಕ್ಕೆ ಆಸ್ಪತ್ರೆ. ಆಮೇಲೆ ಅವರು ಹೇಳಿದ್ದು ಇಷ್ಟೇ: ‘ಸಾರ್, ಕಾಫಿ ಲೋಟ ಹಿಡಿಯೋಕೆ ನಡುಕ ಸ್ವಲ್ಪ. ರೀಡಿನ ಮೇಲೆ ಬೆರಳು ಓಡಿಸೋಕೆ ಅದು ಸ್ವಲ್ಪ ಅಲ್ಲ.’ ಡೋಸ್ ಸ್ವಲ್ಪ ಇಳಿಸಿ, ನಡುಕಕ್ಕೆ ಸಣ್ಣ ಮಾತ್ರೆ ಕೊಟ್ಟ ಮೇಲೆ ಅವರು ಮತ್ತೆ ನುಡಿಸಿದರು. ಆರು ವರ್ಷದಲ್ಲಿ ಒಂದು ಸಲವೂ ನಾನು ‘ಹಾರ್ಮೋನಿಯಂ ನುಡಿಸೋಕೆ ಆಗುತ್ತಾ’ ಅಂತ ಕೇಳಿರಲಿಲ್ಲ. ಹಾಗಾಗಿ ನೀವು ವೈದ್ಯರ ಹತ್ತಿರ ಹೋದಾಗ ‘ಸೈಡ್ ಎಫೆಕ್ಟ್ ಇದೆಯಾ’ ಅನ್ನುವ ಪ್ರಶ್ನೆಗೆ ಕಾಯಬೇಡಿ. ಇವರು ನಟ, ಮುಖ, ದನಿ, ನೆನಪು ಮೂರೂ ಬೇಕು ಅಂತ ನೀವೇ ಶುರು ಮಾಡಿ.

ಮಾತ್ರೆ ಕಲೆಯನ್ನು ಕೊಲ್ಲುತ್ತದೆ ಅನ್ನುವ ನಂಬಿಕೆ ಬರೀ ನಿಮ್ಮ ನಿರ್ದೇಶಕರದ್ದಲ್ಲ, ಜಗತ್ತಿನ ಎಲ್ಲ ಕಡೆ ಇದೆ. ಮೇನಿಯಾಕ್ಕೆ ಲಿಥಿಯಂ ಕೆಲಸ ಮಾಡುತ್ತದೆ ಅಂತ 1949ರಲ್ಲಿ ಬರೆದವರು ಆಸ್ಟ್ರೇಲಿಯಾದ ಜಾನ್ ಕೇಡ್. ಅದನ್ನು ಗಟ್ಟಿಯಾಗಿ ಪರೀಕ್ಷಿಸಿ ನೆಲೆಗೊಳಿಸಿದವರಲ್ಲಿ ಡೆನ್ಮಾರ್ಕಿನ ಮೋಗೆನ್ಸ್ ಶೌ ಮುಖ್ಯರು. ಅವರು ಲಿಥಿಯಂ ತಗೊಳ್ಳುತ್ತಿದ್ದ 24 ಕಲಾವಿದರನ್ನು, ಬರಹಗಾರರನ್ನು ಕೇಳಿ 1979ರಲ್ಲಿ ಒಂದು ಲೇಖನ ಪ್ರಕಟಿಸಿದರು. 12 ಮಂದಿ ‘ಕೆಲಸ ಜಾಸ್ತಿ ಆಯಿತು’ ಅಂದರು, 6 ಮಂದಿ ‘ಮೊದಲಿನಷ್ಟೇ’ ಅಂದರು, 6 ಮಂದಿ ‘ಕಮ್ಮಿ ಆಯಿತು’ ಅಂದರು. ಸಣ್ಣ ಲೆಕ್ಕ, ನಿಜ. ಆದರೆ ನನ್ನ ರೂಮಿನಲ್ಲಿ ಕಂಡದ್ದೂ ಹೆಚ್ಚು ಕಮ್ಮಿ ಇದೇ. ಆ ಕೊನೆಯ ಆರು ಮಂದಿಯನ್ನು ನಾವು ಮರೆಯಬಾರದು, ಅವರ ದೂರಿಗೂ ಬೆಲೆ ಇದೆ. ಹಾಗಂತ ಮೊದಲ ಹನ್ನೆರಡು ಮಂದಿಯನ್ನು ಮುಚ್ಚಿಡಬಾರದು.

ಇದರ ಜೋಡಿ ನಂಬಿಕೆ ಇನ್ನೊಂದು: ಕಲಾವಿದರಿಗೆ ತಲೆ ಸ್ವಲ್ಪ ತಿರುಗಿರಲೇಬೇಕು, ಆ ನೋವಿನಿಂದಲೇ ಕಲೆ. ಸ್ವೀಡನ್ನಿನಲ್ಲಿ ಲಕ್ಷಾಂತರ ರೋಗಿಗಳ ಮತ್ತು ಅವರ ನೆಂಟರ ದಾಖಲೆಗಳನ್ನು ನೋಡಿದಾಗ, ಬೈಪೋಲಾರ್ ಇದ್ದವರು ಕಲೆಯ ಕೆಲಸಗಳಲ್ಲಿ ಸ್ವಲ್ಪ ಜಾಸ್ತಿ ಇದ್ದದ್ದು ಹೌದು. ಆದರೆ ಕಾಯಿಲೆಯೇ ಇಲ್ಲದ ಅವರ ಅಣ್ಣತಮ್ಮ, ಅಕ್ಕತಂಗಿಯರೂ ಅಲ್ಲಿ ಜಾಸ್ತಿ ಇದ್ದರು. ಅಂದರೆ ಮನೆತನದಲ್ಲಿ ಕಲೆಯ ಒಲವು ಹರಿದು ಬಂದಿರಬಹುದು. ಅದಕ್ಕೆ ಕಾಯಿಲೆ ಬೀಳಲೇಬೇಕು ಅಂತೇನಿಲ್ಲ. ನಿಮ್ಮ ಮನೆಯವರು ಚೆನ್ನಾಗಿ ಹಾಡಿದ್ದು ಮೇನಿಯಾದ ಹದಿನೈದು ದಿನದಲ್ಲಿ ಅಲ್ಲವಲ್ಲ. ಅದಕ್ಕೆ ಮುಂಚೆ ಎಷ್ಟೋ ವರ್ಷದ ಸಾಧನೆ ಇದೆ. ಮೇನಿಯಾದಲ್ಲಿ ಹಾಡಿದ್ದನ್ನು ಯಾರಾದರೂ ರೆಕಾರ್ಡ್ ಮಾಡಿದ್ದರೆ ಈಗ ಕೇಳಿಸಿಕೊಳ್ಳಿ ಅನ್ನಿ. ತಾಳ ಎಲ್ಲೆಲ್ಲಿ ಹೋಗಿದೆ ಅಂತ ಅವರೇ ಹೇಳುತ್ತಾರೆ.

ಪಾತ್ರದಿಂದ ಏನೂ ತೊಂದರೆ ಇಲ್ಲ ಅಂದೆನಲ್ಲ, ಅದಕ್ಕೊಂದು ತಿದ್ದುಪಡಿ. ಬೇರೆಯವರ ನೋವನ್ನು ಆಡುವುದು ಒಂದು, ತನ್ನದೇ ನೋವನ್ನು ದಿನಾ ಆಡುವುದು ಇನ್ನೊಂದು. ಪಾತ್ರಕ್ಕೂ ಅವರಿಗೂ ನಡುವೆ ಸ್ವಲ್ಪ ಜಾಗ ಬೇಕು. ಪಾತ್ರದ ಹೆಸರು, ಊರು, ಕಸುಬು ಬೇರೆ ಇರಲಿ. ತಮ್ಮನ ಮೇಲೆ ಕೈ ಮಾಡಿದ ಘಟನೆಯಂಥದ್ದೇ ನಾಟಕದಲ್ಲಿ ಬಂದರೆ, ಅದನ್ನು ಹೇಗೆ ಆಡುವುದು ಅಂತ ಮೊದಲೇ ಕೂತು ಮಾತಾಡಲಿ. ‘ನಿನ್ನ ಅನುಭವ ನೆನಪಿಸಿಕೊಂಡು ಅಳು’ ಅಂತ ಒತ್ತಾಯ ಮಾಡುವ ನಿರ್ದೇಶಕರಿದ್ದಾರೆ. ನನಗೆ ಆ ದಾರಿ ಇಷ್ಟವಿಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ನಮ್ಮ ಜಿಲ್ಲೆಯಲ್ಲೇ. ಕಂಪನಿ ಕಾಲದ ನಟರು ರಾತ್ರಿ ಅತ್ತು, ಬೆಳಿಗ್ಗೆ ಬಣ್ಣ ತೊಳೆದು, ಮುಂದಿನ ಕ್ಯಾಂಪಿಗೆ ಗಂಟು ಕಟ್ಟುತ್ತಿದ್ದರು. ಅವರು ಅಳುವುದನ್ನು ಕಲಿತು ಅಳುತ್ತಿದ್ದರು. ಹಾಡಿನ ಮೂಲಕ, ಶ್ರುತಿಯ ಮೂಲಕ. ನಿಮ್ಮ ಮನೆಯವರಿಗೆ ಆ ವಿದ್ಯೆ ಗೊತ್ತು. ಅದನ್ನೇ ಬಳಸಲಿ.

ಪ್ರಾಕ್ಟೀಸ್ ಮುಗಿದ ಮೇಲೆ ಮುಖ ತೊಳೆದು, ಬಟ್ಟೆ ಬದಲಿಸಿ, ಯಾರ ಜೊತೆಗಾದರೂ ಹತ್ತು ನಿಮಿಷ ಬೇರೆ ಮಾತಾಡಿ ಮನೆಗೆ ಬರಲಿ. ಕೊಬ್ಬರಿ ರೇಟಿನ ಮಾತಾದರೂ ಆದೀತು.

ಕರೆಂಟ್ ಮತ್ತು ಸರಪಳಿ ದೃಶ್ಯಗಳ ಬಗ್ಗೆ ತಂಡಕ್ಕೆ ಒಂದು ಮಾತು ತಲುಪಿಸಿ. ಸಿನಿಮಾಗಳಲ್ಲಿ ನೋಡಿದ ಹಾಗೆ, ಎಚ್ಚರ ಇರುವ ಮನುಷ್ಯನನ್ನು ನಾಲ್ಕು ಜನ ಒತ್ತಿ ಹಿಡಿದು ಶಾಕ್ ಕೊಡುವುದನ್ನು ತೋರಿಸಿದರೆ, ಸಭೆಯಲ್ಲಿ ಕೂತ ಯಾವುದೋ ತಾಯಿ ನಾಳೆ ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿಲ್ಲ. ಇಸಿಟಿ, ಅಂದರೆ ಈ ಕರೆಂಟ್ ಚಿಕಿತ್ಸೆ, ಶುರುವಾದದ್ದು 1938ರಲ್ಲಿ, ರೋಮ್‌ನಲ್ಲಿ. ಮೊದಮೊದಲು ಅರಿವಳಿಕೆ ಇಲ್ಲದೆ ಕೊಡುತ್ತಿದ್ದರು, ಅದು ಸತ್ಯ. ಈಗ ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಎರಡೂ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ರೋಗಿ ಮಲಗಿರುತ್ತಾನೆ, ಕಾಲ್ಬೆರಳು ಸ್ವಲ್ಪ ಮಿಡಿಯುತ್ತದೆ, ಕೆಲವು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಆ ದಿನಗಳ ನೆನಪು ಕೆಲವರಿಗೆ ಮಸುಕಾಗುತ್ತದೆ. ಅದನ್ನೂ ಮುಚ್ಚಿಡುವುದು ಬೇಡ. ಒಬ್ಬ ನಟ ತನ್ನ ಹಳೆಯ ಪಾತ್ರದ ಮಾತೊಂದು ನೆನಪಾಗದೆ ತಡವರಿಸುವುದು, ನನಗೆ ಕೇಳಿದರೆ, ಕಿರುಚಾಟಕ್ಕಿಂತ ದೊಡ್ಡ ದೃಶ್ಯ. ನಾಟಕದವರಿಗೆ ನಾಟಕ ಹೇಳಿಕೊಡುವುದು ನನ್ನ ಕೆಲಸವಲ್ಲ, ಆದರೂ ಬಾಯಿ ತಡೆಯಲಿಲ್ಲ.

ಸರಪಳಿ ಇರಲಿ, ಅದು ನಡೆದ ಸಂಗತಿ. ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಜಾಗಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. ಈಗ ಮಾನಸಿಕ ಕಾಯಿಲೆ ಇರುವವರಿಗೆ ಯಾವ ರೀತಿಯಲ್ಲೂ ಸರಪಳಿ ಹಾಕುವಂತಿಲ್ಲ. ಅದೇ 2017ರ ಕಾಯ್ದೆ. ಆದರೆ ಸರಪಳಿ ಹಾಕುವ ಮನೆಯವರನ್ನು ರಾಕ್ಷಸರ ಹಾಗೆ ತೋರಿಸಬೇಡಿ ಅನ್ನಿ. ನಾನು ನೋಡಿದ ಮನೆಗಳಲ್ಲಿ ಅವರು ಹೆದರಿದವರು, ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದವರು. ನಾಟಕದಲ್ಲಿ ಆತ್ಮಹತ್ಯೆ ಪ್ರಯತ್ನದ ದೃಶ್ಯ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ವಿಧಾನ ತೋರಿಸುವುದು ಬೇಡ. ಸಿನಿಮಾ, ನಾಟಕ ಮಾಡುವವರಿಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಕೈಪಿಡಿ ತಂದಿದೆ. ಅದೂ ಇದನ್ನೇ ಹೇಳುತ್ತದೆ. ಟೆಲಿ ಮನಸ್ ಸಹಾಯವಾಣಿ 14416 ಅನ್ನು ಪರದೆ ಏಳುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೇಳಲಿ. ದುಡ್ಡಿಲ್ಲ, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಮೈಕ್. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಪಾತ್ರ ಮಾಡುವುದು ಬೇರೆ, ‘ಇದು ನನ್ನ ಕಥೆ’ ಅಂತ ಹೇಳುವುದು ಬೇರೆ. ಒಂದಕ್ಕೆ ಒಪ್ಪಿದವರು ಇನ್ನೊಂದಕ್ಕೆ ಒಪ್ಪಿದ ಹಾಗಲ್ಲ. ಹಾಗೆ ಎದ್ದು ನಿಂತು ಹೇಳಿದರೆ ಒಳ್ಳೆಯದಾಗುವುದಿಲ್ಲವೇ? ಆಗುತ್ತದೆ. ಭಾಷಣ, ಪೋಸ್ಟರ್‌ಗಿಂತ, ಗುಣವಾದ ಮನುಷ್ಯನೊಬ್ಬ ಎದುರಿಗೆ ನಿಂತು ಮಾತಾಡಿದರೆ ದೊಡ್ಡವರ ಮನಸ್ಸು ಬದಲಾಗುವುದು ಜಾಸ್ತಿ ಅಂತ ಸಂಶೋಧನೆಗಳೂ ಹೇಳುತ್ತವೆ. ಆದರೆ ಒಮ್ಮೆ ಹೇಳಿದ್ದನ್ನು ವಾಪಸ್ ತಗೊಳ್ಳಲು ಆಗುವುದಿಲ್ಲ. ಸಭೆಯಲ್ಲಿ ಮುನ್ನೂರು ಜನ ಇದ್ದರೆ ಮುನ್ನೂರು ಫೋನ್ ಇರುತ್ತವೆ. ಬೆಳಗಾಗುವಷ್ಟರಲ್ಲಿ ಮಂಡಿಯ ವಾಟ್ಸಾಪ್ ಗುಂಪಿನಲ್ಲಿ ಇರುತ್ತದೆ. ಚಪ್ಪಾಳೆಯ ಬಿಸಿಯಲ್ಲಿ ತೀರ್ಮಾನ ಮಾಡುವ ವಿಷಯ ಇದಲ್ಲ. ಮೊದಲ ಶೋಗೆ ಬೇಡ ಅನ್ನಿ. ನಾಲ್ಕು ಶೋ ಆಗಲಿ. ಆಮೇಲೂ ಅವರಿಗೆ ಹೇಳಬೇಕು ಅನ್ನಿಸಿದರೆ, ಮಗಳ ಹತ್ತಿರ, ನಿಮ್ಮ ಹತ್ತಿರ, ಮಂಡಿಯ ಯಜಮಾನರ ಹತ್ತಿರ ಮೊದಲು ಮಾತಾಡಿ ಹೇಳಲಿ. ಅವರ ಹೆಸರು, ಕಾಯಿಲೆ ಕರಪತ್ರದಲ್ಲಿ ಬರುವುದಾದರೆ ಅವರ ಬರಹದ ಒಪ್ಪಿಗೆ ಇಲ್ಲದೆ ಬರಬಾರದು.

ಮಗಳ ಮದುವೆಯ ಚಿಂತೆ ನನಗೆ ಅರ್ಥವಾಗುತ್ತದೆ. ಅದನ್ನು ಸಣ್ಣದು ಅನ್ನುವುದಿಲ್ಲ. ಲೆಕ್ಕ ಮಾತ್ರ ಗೊತ್ತಿರಲಿ. ತಂದೆ ತಾಯಿಯಲ್ಲಿ ಒಬ್ಬರಿಗೆ ಬೈಪೋಲಾರ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಐದರಿಂದ ಹತ್ತು. ಉಳಿದ ಜನರಲ್ಲಿ ಅದು ನೂರಕ್ಕೆ ಒಂದರಿಂದ ಎರಡು. ಅಂದರೆ ನೂರಕ್ಕೆ ತೊಂಬತ್ತು ಭಾಗ ಬರುವುದಿಲ್ಲ. ನಿಮ್ಮ ಊರಿಗೆ ನಾಲ್ಕು ವರ್ಷದ ಹಿಂದೆಯೇ ಎಲ್ಲ ಗೊತ್ತಾಗಿದೆ, ನೀವೇ ಬರೆದಿದ್ದೀರಿ. ಗಂಡಿನ ಕಡೆಯವರು ವಿಚಾರಿಸಿದರೆ ಹೇಗಿದ್ದರೂ ತಿಳಿಯುತ್ತದೆ. ಅವರು ಕೇಳಬೇಕಾದದ್ದು ಯಾರಿಂದ, ಹೇಗೆ ಅನ್ನುವುದಷ್ಟೇ ನಿಮ್ಮ ಕೈಯಲ್ಲಿದೆ. ಮಗಳನ್ನೂ ಒಂದು ಮಾತು ಕೇಳಿ. ಈ ಪತ್ರದಲ್ಲಿ ಎಲ್ಲರ ಅಭಿಪ್ರಾಯ ಇದೆ, ಅವಳದೇ ಇಲ್ಲ.

ಪೂರ್ತಿ ಬೇಡ ಅಂದರೆ ಏನಾಗುತ್ತದೆ? ಅದೂ ಅಪಾಯವಿಲ್ಲದ ದಾರಿಯಲ್ಲ. ಮೂರು ವರ್ಷ ಚೆನ್ನಾಗಿರುವ ಮನುಷ್ಯನಿಗೆ ಇಷ್ಟದ್ದನ್ನು ತಪ್ಪಿಸಿದರೆ ‘ಮಾತ್ರೆ ತಿಂದೂ ಏನು ಸುಖ’ ಅನ್ನುವ ಕಡೆ ಮನಸ್ಸು ತಿರುಗುತ್ತದೆ. ಇಲ್ಲವೇ ಕದ್ದು ಹೋಗುತ್ತಾರೆ. ನಡುದಾರಿ ಒಂದಿದೆ: ಈ ಸಲ ಮುಖ್ಯ ಪಾತ್ರದ ಬದಲು ಹಾಡುಗಾರಿಕೆಯಲ್ಲೋ ಸಣ್ಣ ಪಾತ್ರದಲ್ಲೋ ಸೇರುವುದು. ಭಾರ ಕಮ್ಮಿ, ಒಂದು ದಿನ ತಪ್ಪಿಸಿದರೂ ನಾಟಕ ನಿಲ್ಲುವುದಿಲ್ಲ. ಕಳೆದ ಆರು ತಿಂಗಳಲ್ಲಿ ಮಾತ್ರೆ ಬದಲಾಗಿದ್ದರೆ ಅಥವಾ ಸಣ್ಣಪುಟ್ಟ ಏರುಪೇರು ಆಗಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ. ಮೂರು ವರ್ಷ ಸ್ಥಿರ ಇದ್ದಾರೆ ಅನ್ನುವುದಕ್ಕೇ ಮುಖ್ಯ ಪಾತ್ರಕ್ಕೆ ಹೂಂ ಅನ್ನುತ್ತಿದ್ದೇನೆ. ಅದರಲ್ಲೂ ಆ ಪಾತ್ರಕ್ಕೆ ಇನ್ನೊಬ್ಬರು ತಯಾರಿರಬೇಕು. ‘ನಾನಿಲ್ಲದಿದ್ದರೆ ಶೋ ಇಲ್ಲ’ ಅನ್ನುವ ಸ್ಥಿತಿ ಅವರಿಗೆ ಒಳ್ಳೆಯದಲ್ಲ.

ಪ್ರಾಕ್ಟೀಸ್ ಶುರುವಾಗುವ ಮುಂಚೆ ಒಂದು ಸಂಜೆ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಕಳೆದ ಸಲ ಮೊದಲು ಏನು ಕಾಣಿಸಿತು? ನಿದ್ದೆ ಕಮ್ಮಿಯಾದರೂ ಆಯಾಸ ಇಲ್ಲದಿರುವುದು, ಮಾತು ಜಾಸ್ತಿ, ಕೈ ಸಡಿಲ. ಅವರು ಹೇಳಲಿ, ನೀವು ಬರೆಯಿರಿ. ಎರಡು ರಾತ್ರಿ ಸತತ ಐದು ಗಂಟೆಗಿಂತ ಕಮ್ಮಿ ನಿದ್ದೆ ಆದರೆ ಮೂರನೇ ದಿನ ಪ್ರಾಕ್ಟೀಸ್ ಇಲ್ಲ, ವೈದ್ಯರಿಗೆ ಫೋನ್ ಅಂತ ಅವರ ಕೈಯಲ್ಲೇ ಸಹಿ ಹಾಕಿಸಿ. ಇಂತಿಷ್ಟರ ಮೇಲೆ ಖರ್ಚು ಮಾಡುವುದಾದರೆ ಇಬ್ಬರೂ ಒಪ್ಪಬೇಕು ಅಂತಲೂ ಇರಲಿ. ಕಾಯಿಲೆ ಜೋರಾದರೆ ತನ್ನ ಪರವಾಗಿ ಯಾರು ತೀರ್ಮಾನಕ್ಕೆ ನೆರವಾಗಬೇಕು ಅಂತ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕುವ ಅವಕಾಶ ಕಾಯ್ದೆಯಲ್ಲೇ ಇದೆ. ಹೀಗೆ ಬರೆದಿಟ್ಟರೆ ನೀವು ದಿನಾ ಪೊಲೀಸ್ ಆಗಬೇಕಿಲ್ಲ. ಬಾಗಿಲಲ್ಲಿ ನಿಂತು ‘ಮಾತ್ರೆ ತಗೊಂಡ್ರಾ?’ ಅಂತ ಕೇಳುವ ಕೆಲಸ ನಿಮಗೂ ಸಾಕಾಗಿದೆ, ಅಲ್ವಾ?

ಶೋ ಮುಗಿದ ಮೇಲಿನ ಎರಡು ವಾರಗಳನ್ನು ಮರೆಯಬೇಡಿ. ಜನ ಶೋ ತನಕ ಹುಷಾರಾಗಿರುತ್ತಾರೆ. ಪರದೆ ಬಿದ್ದ ಮೇಲೆ ಒಂದು ಖಾಲಿತನ ಬರುತ್ತದೆ, ಎಲ್ಲ ನಟರಿಗೂ. ಅವರಿಗೆ ಅದು ಆಳಕ್ಕೆ ಎಳೆಯಬಹುದು. ಆಗಲೇ ಒಂದು ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಿ. ಬೆಂಗಳೂರಿಗೇ ಹೋಗಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇರುತ್ತದೆ, ವಿಚಾರಿಸಿ.

ಲಿಥಿಯಂ ತಗೊಳ್ಳುವ ನಟರಿಗೆ ನೀರಿನ ವಿಷಯ ಬಲು ಮುಖ್ಯ. ಲೈಟಿನ ಕೆಳಗೆ, ಜರಿ ಬಟ್ಟೆಯಲ್ಲಿ ಬೆವರು ಸುರಿದು ನೀರು, ಉಪ್ಪು ಹೋದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ಸಾಮಾನ್ಯವಾಗಿ ಅದು 0.6ರಿಂದ 1.0ರ ನಡುವೆ ಇರಬೇಕು. 1.5 ದಾಟಿದರೆ ವಿಷ. ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ನಡಿಗೆ ತೂರಾಡುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಿ. ‘ಕುಡಿದಿದ್ದಾನೆ’ ಅಂತ ಗ್ರೀನ್ ರೂಮಿನವರು ಅಂದುಕೊಳ್ಳಬಹುದು, ಆದ್ದರಿಂದ ತಂಡದಲ್ಲಿ ಒಬ್ಬರಿಗಾದರೂ ಇದು ಗೊತ್ತಿರಲಿ. ಪ್ರಾಕ್ಟೀಸ್ ಶುರುವಾಗುವ ಮುಂಚೆ ಲಿಥಿಯಂ, ಕಿಡ್ನಿ, ಥೈರಾಯ್ಡ್ ಮೂರೂ ಪರೀಕ್ಷೆ ಮಾಡಿಸಿ. ಲಿಥಿಯಂ ಪರೀಕ್ಷೆಗೆ ರಕ್ತ ಕೊಡುವುದು ಹಿಂದಿನ ಮಾತ್ರೆ ತಗೊಂಡು ಹನ್ನೆರಡು ಗಂಟೆ ಕಳೆದ ಮೇಲೆ.

ಕಷಾಯ ಕೊಡಿ, ಧಾರಾಳವಾಗಿ. ಮೆಣಸು, ಶುಂಠಿ, ಜೀರಿಗೆ ಏನೂ ತೊಂದರೆ ಇಲ್ಲ. ಹಾಡುವವರು ಬಾಯಲ್ಲಿ ಇಟ್ಟುಕೊಳ್ಳುವ ಜೇಷ್ಠಮಧು ಅಪರೂಪಕ್ಕೆ ಒಂದು ಚೂರು ಆದರೆ ಸರಿ, ದಿನಾ ಅಗಿಯುವುದು ಬೇಡ. ಅದು ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಗಂಟಲು ನೋವು, ಮೈಕೈ ನೋವು ಅಂತ ಮೆಡಿಕಲ್ ಸ್ಟೋರಿನಿಂದ ಐಬುಪ್ರೊಫೇನ್, ಡೈಕ್ಲೋಫೆನಾಕ್ ತಂದು ಕೊಡಬೇಡಿ, ಅವು ಲಿಥಿಯಂ ಮಟ್ಟ ಏರಿಸುತ್ತವೆ. ಪ್ಯಾರಾಸಿಟಮಾಲ್ ಸಾಕು. ಜೊತೆಗೆ ಒಂದು ದೊಡ್ಡ ನೀರಿನ ಬಾಟಲಿ ಕಳಿಸಿ, ವಾಪಸ್ ಬಂದಾಗ ಖಾಲಿ ಇದೆಯಾ ಅಂತ ನೋಡಿ.